ಕೆಳಮನೆಯ ಛಾವಣಿ

ಫ್ಲ್ಯಾಟಿನ ಬಾತ್‌ರೂಮು ಒಡೆದು ಹೊಸದಾಗಿ ಮಾಡಿಸುವಾಗ ಎಲ್ಲರ ಗಮನ ಟೈಲ್ಸಿನ ಬಣ್ಣದ ಮೇಲೆ. ಆದರೆ ನನ್ನ ನೆಲದಡಿಯೇ ಕೆಳಮನೆಯವರ ಛಾವಣಿ. ಮುಂಬಯಿ, ಪುಣೆ ಕಡೆ ಟೈಲ್ಸಿನ ಕೆಳಗೆ ಇಟ್ಟಿಗೆ ಚೂರಿನ ‘ಕೋಬಾ’ ಹಾಕುತ್ತಾರೆ. ಅದಾದ ಮೇಲೆ ನೀರು ಹೋಗುವ ತೂತು ಮುಚ್ಚಿ, ನೀರು ನಿಲ್ಲಿಸಿ, ಕನಿಷ್ಠ 24 ಗಂಟೆ ಕಾದು, ಕೆಳಮನೆಗೆ ಹೋಗಿ ತೇವ ಇಳಿದಿದೆಯೇ ಎಂದು ನೋಡಬೇಕು. ಕಾಂಟ್ರಾಕ್ಟರ್ ‘ಏನೂ ಬೇಕಾಗಿಲ್ಲ’ ಎನ್ನುತ್ತಾರೆ. ದೀಪಾವಳಿಗೆ ಮುಗಿದರೆ ಸಾಕೆಂದು ನಾವೂ ತಲೆಯಾಡಿಸುತ್ತೇವೆ.

ಆಫೀಸಿನಲ್ಲಿ ಇದನ್ನೇ ‘ರಿಸ್ಕ್ ತಗೊಂಡೆವು’ ಎನ್ನುವುದು. ಆ ‘ತಗೊಂಡೆವು’ ಎಂಬ ಮಾತೇ ನನಗೆ ಅನುಮಾನ. ತೀರ್ಮಾನ ನಮ್ಮದು, ನಾಲ್ಕು ವರ್ಷದ ಮೇಲೆ ಗಾರೆ ಉದುರುವುದು ಇನ್ನೊಬ್ಬರ ತಲೆ ಮೇಲೆ. ಅಷ್ಟರಲ್ಲಿ ನಾವು ಮನೆ ಮಾರಿ ಹೈದರಾಬಾದಿಗೋ, ಮರಳಿ ಬೆಂಗಳೂರಿಗೋ ಹೋಗಿರುತ್ತೇವೆ. ಕೇಳದೆ ಇನ್ನೊಬ್ಬರ ಹೆಸರಲ್ಲಿ ಸಾಲ ಎತ್ತಿದಂತೆ ಅಲ್ಲವೇ ಇದು?

ಹಾಗಂತ ಕಾಯುವವರೆಲ್ಲ ಎದೆ ತಟ್ಟಿಕೊಳ್ಳುವಂತೆಯೂ ಇಲ್ಲ. ನೀರು ನಿಂತಿರುವಷ್ಟು ದಿನ ಗೌಂಡಿಗೆ ಕೆಲಸವಿಲ್ಲ. ದಿನಗೂಲಿಯವನು, ಬಿಹಾರದಿಂದಲೋ ಕಲಬುರಗಿಯಿಂದಲೋ ಬಂದವನು. ನಮ್ಮಂತೆ ವಲಸಿಗನೇ, ಸಂಬಳದ ರಜೆ ಮಾತ್ರ ಇಲ್ಲ. ಕೆಳಮನೆಯವರ ಬಗೆಗಿನ ನನ್ನ ಕಾಳಜಿಯ ಖರ್ಚನ್ನು ಅವನು ಕೊಟ್ಟಂತಾಯಿತು. ಆದ್ದರಿಂದ ಎಸ್ಟಿಮೇಟ್ ಬರೆಸುವಾಗಲೇ ಆ ದಿನಗಳ ಕೂಲಿಯನ್ನೂ ಸೇರಿಸಲು ಹೇಳಬೇಕು. ಸುಮ್ಮನೆ ಕೂತವನಿಗೂ ಪಗಾರವೇ ಎಂದು ಕಾಂಟ್ರಾಕ್ಟರ್ ನಗಬಹುದು. ಬೆಂಚಿನ ಮೇಲೆ ಕೂತು ಸಂಬಳ ಎಣಿಸುವ ನಮ್ಮ ಕಸುಬಿನವರಿಗೆ ಅದು ವಿಚಿತ್ರವೆನಿಸಬಾರದು. ಆ ಹಣ ಗೌಂಡಿಯ ಕೈ ಸೇರಿತೇ ಎಂದು ಮಾತ್ರ ಅವನನ್ನೇ ಕೇಳಬೇಕು.