ಜೀರ್ಣೋದ್ಧಾರದ ಧರ್ಮಸೂಕ್ಷ್ಮ

ಹೊಸದನ್ನು ಕಟ್ಟುವವನಿಗೆ ಸ್ವಾತಂತ್ರ್ಯವುಂಟು. ಹಳೆಯದನ್ನು ಉದ್ಧರಿಸುವವನಿಗೆ ಹೊಣೆಯೇ ಹೆಚ್ಚು. ಅವನ ಕೈಯಲ್ಲಿರುವುದು ಸ್ವಾರ್ಜಿತ ಸೊತ್ತಲ್ಲ. ಹಿಂದಿನವರು ಒಪ್ಪಿಸಿಹೋದ, ಮುಂದಿನವರಿಗೆ ಸಲ್ಲಬೇಕಾದ ನಿಕ್ಷೇಪ. ಆದರೆ ಆ ನಿಕ್ಷೇಪದ ಒಂದು ಭಾಗವನ್ನು ಉಳಿಸಲು ಇನ್ನೊಂದು ಭಾಗವನ್ನು ಕೆಡಿಸಬೇಕಾಗಿ ಬಂದರೆ ಧರ್ಮವಾವುದು?

ಈ ಸಂಕಟವು ಇಂಗ್ಲೆಂಡಿನ ವಾಸ್ತುಶಿಲ್ಪಿ ಬರ್ನಾರ್ಡ್ ಫೀಲ್ಡನ್ನರಿಗೆ (1919–2008) ಒದಗಿತು. ಪ್ರಾಚೀನ ಕಟ್ಟಡಗಳ ಸಂರಕ್ಷಣೆಗೆ ಬಾಳನ್ನು ಮುಡಿಪಾಗಿಟ್ಟ ಅವರು 1965ರಲ್ಲಿ ಯಾರ್ಕ್ ನಗರದ ಕ್ರೈಸ್ತ ಮಹಾಮಂದಿರದ ಮೇಲ್ವಿಚಾರಣೆಯನ್ನು ವಹಿಸಿಕೊಂಡರು. 1472ರಲ್ಲಿ ಪ್ರತಿಷ್ಠೆಗೊಂಡ ಆ ಮಂದಿರದ ಗೋಡೆಗಳು ಬಿರುಕುಬಿಟ್ಟಿದ್ದವು. ನಡುಗೋಪುರದ ತೂಕವೇ ಸುಮಾರು 16,000 ಟನ್ನು. ಅದನ್ನು ಹೊರಲು ಹಳೆಯ ಅಸ್ತಿಭಾರಕ್ಕೆ ಶಕ್ತಿ ಸಾಲದಾಗಿತ್ತು.

1967ರಲ್ಲಿ ಬಲಪಡಿಸುವ ಕಾರ್ಯ ಮೊದಲಾಯಿತು. ನೆಲವನ್ನು ಅಗೆದಾಗ ರೋಮನ್ ಸೈನ್ಯದ ಕೇಂದ್ರಭವನದ ಅವಶೇಷಗಳು ಹೊರಬಿದ್ದವು. ಅವಸರದಿಂದ ಅಗೆದರೆ ಗೋಪುರವು ಉಳಿದೀತು, ಅವಶೇಷಗಳು ನಷ್ಟವಾದಾವು. ನಿಧಾನಿಸಿದರೆ ಗೋಪುರವೇ ಉರುಳೀತು. ಆದುದರಿಂದ ಕೂಲಿಯವರ ಜೊತೆಯಲ್ಲಿಯೇ ಪುರಾತತ್ತ್ವಜ್ಞರೂ ಅದೇ ಗುಂಡಿಗಳಲ್ಲಿ ದುಡಿದರು. ತೆಗೆಯಲೇಬೇಕಾದುದನ್ನು ಬರೆದಿಟ್ಟು, ಉಳಿಸಬಹುದಾದುದನ್ನು ಉಳಿಸಿದರು. ಹಳೆಯ ಅಸ್ತಿಭಾರದ ಸುತ್ತ ಕಾಂಕ್ರೀಟನ್ನು ತುಂಬಿ, ತುಕ್ಕುಹಿಡಿಯದ ಉಕ್ಕಿನ ಸರಳುಗಳಿಂದ ಬಿಗಿದರು. 1972ರಲ್ಲಿ ಕಾರ್ಯ ಮುಗಿಯಿತು. ಆ ಕಾಂಕ್ರೀಟೂ ರೋಮನ್ನರ ಕಲ್ಲುಗಳೂ ಇಂದಿಗೂ ನೆಲಮಾಳಿಗೆಯಲ್ಲಿ ಯಾತ್ರಿಕರಿಗೆ ಕಾಣಸಿಗುತ್ತವೆ. ಹೊಸದು ಹಳೆಯದರ ವೇಷವನ್ನು ಧರಿಸಿಲ್ಲ.

1982ರಲ್ಲಿ ಪ್ರಕಟವಾದ ಸಂರಕ್ಷಣಾಗ್ರಂಥದಲ್ಲಿ ಫೀಲ್ಡನ್ನರು ಪ್ರತಿಪಾದಿಸಿದ ತತ್ತ್ವವಿದು: ಅವಶ್ಯವಾದಷ್ಟನ್ನೇ ಮಾಡಬೇಕು, ಸಾಧ್ಯವಾದರೆ ಮುಂದೆ ತೆಗೆಯಲು ಬರುವಂತಿರಬೇಕು, ಮಾಡಿದುದಕ್ಕೆಲ್ಲ ದಾಖಲೆಯಿರಬೇಕು. 1989ರಲ್ಲಿ ಭಾರತದ ಇಂಟ್ಯಾಕ್ ಸಂಸ್ಥೆಗಾಗಿಯೂ ಅವರು ಒಂದು ಸಂರಕ್ಷಣಾ ಕೈಪಿಡಿಯನ್ನು ಬರೆದುಕೊಟ್ಟರು.

ಯಾರ್ಕಿನಲ್ಲಿ ತುಂಬಿದ ಕಾಂಕ್ರೀಟನ್ನು ಮರಳಿ ತೆಗೆಯಲಾಗದಲ್ಲವೇ ಎಂದು ಯಾರಾದರೂ ಕೇಳಬಹುದು. ಅದು ದಿಟವೇ. ಗೋಪುರವೇ ಬಿದ್ದುಹೋಗುವ ಕಾಲಕ್ಕೆ ಕೈಕಟ್ಟಿ ಕುಳಿತುಕೊಳ್ಳುವುದು ವಿನಯವಲ್ಲ, ಕರ್ತವ್ಯಲೋಪ. ಆದರೆ ಪ್ರಾಣಾಪಾಯಕ್ಕೆ ಕೊಟ್ಟ ಔಷಧವನ್ನು ಅಂದಕ್ಕಾಗಿ ಕುಡಿಸುವುದೂ ತಪ್ಪೇ. ಗೋಪುರವನ್ನು ನಿಲ್ಲಿಸಲು ಕಾಂಕ್ರೀಟು ಬೇಕಾಯಿತೆಂದು, ಹೊಳಪಿಗಾಗಿ ಹಳೆಯ ಕಲ್ಲನ್ನು ಕೆತ್ತಿ ಬಣ್ಣ ಬಳಿಯಲು ಅಪ್ಪಣೆ ದೊರೆತಂತಾಗದು. ಅವಶ್ಯಕತೆಯೇ ಅಳತೆಗೋಲು, ಅದನ್ನು ಮೀರಿದುದು ಅಹಂಕಾರ.

ಕೆಡಿಸಿದುದೆಷ್ಟು, ಉಳಿಸಿದುದೆಷ್ಟು, ಏಕೆ ಎಂಬ ಲೆಕ್ಕವನ್ನು ಮುಂದಿನ ತಲೆಮಾರಿಗೆ ಮರೆಮಾಚದೆ ಒಪ್ಪಿಸಬಲ್ಲವನೇ ನಿಜವಾದ ಉದ್ಧಾರಕನು. ಅವನ ಹೆಸರು ಕಲ್ಲಿನ ಮೇಲಿರಬೇಕಾದುದಿಲ್ಲ. ಕಲ್ಲು ನಿಂತಿದ್ದರೆ ಸಾಕು.