ಮೀನನ್ನು ಕಂಡವರಾರು?

ಕಣ್ಣಿಗೆ ಗೋಚರವಾಗದ ವಸ್ತುವೊಂದನ್ನು ಯಂತ್ರವು ತೋರಿಸಿಕೊಟ್ಟಾಗ ಅದನ್ನು ಕಂಡವರು ಯಾರು ಎಂಬ ಪ್ರಶ್ನೆ ಮೇಲ್ನೋಟಕ್ಕೆ ವಿನೋದದ ಪ್ರಶ್ನೆಯಂತೆ ತೋರಿದರೂ, ನಮ್ಮ ದರ್ಶನಕಾರರು ಪ್ರಮಾಣವಿಚಾರ, ಎಂದರೆ ಅರಿವಿನ ಸಾಧನಗಳ ವಿಚಾರ, ಎಂದು ಕರೆದು ಶತಮಾನಗಳ ಕಾಲ ಮಥಿಸಿದ ವಿಷಯದ ನಡುಮನೆಗೇ ಅದು ನಮ್ಮನ್ನು ಕರೆದೊಯ್ಯುತ್ತದೆ. ಇದಕ್ಕೆ ಉದಾಹರಣೆಯಾಗಿ ನಾನು ಆರಿಸಿಕೊಳ್ಳುವುದು ಖಗೋಳಜ್ಞರ ದೂರದರ್ಶಕವನ್ನಲ್ಲ. ಮಲ್ಪೆ ಮಂಗಳೂರುಗಳ ಬೋಟುಗಳಲ್ಲಿ ಇಂದು ಸರ್ವಸಾಮಾನ್ಯವಾಗಿರುವ, ನೀರಿನೊಳಗಣ ಮೀನನ್ನು ಶಬ್ದದಿಂದ ಹುಡುಕುವ, ಫಿಶ್ ಫೈಂಡರನ್ನು. ಕಳಲೆಯಂಥ ಒಳನಾಡಿನ ಊರಿನಲ್ಲಿ ಕುಳಿತವನಿಗೆ ಕಡಲಿನ ಯಂತ್ರದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಕಳಲೆಯಿರುವ ನಂಜನಗೂಡು ಸೀಮೆಯವರಿಗೆ ಆಳದ ಚಿಂತೆ ಹೊಸದಲ್ಲ. ಕಡಲನ್ನು ಕಡೆದಾಗ ಮೇಲೆದ್ದು ಬಂದ ವಿಷವನ್ನು ಕುಡಿದ ಶಿವನು ಕಪಿಲೆಯ ದಡದಲ್ಲಿ ನೆಲಸಿದ್ದಾನೆಂದು ನಂಬಿದ ಜನ ನಾವು. ಕಳಲೆಯ ದಳವಾಯಿ ಮನೆತನದ ನಂಜರಾಜಯ್ಯನು ಹದಿನೆಂಟನೆಯ ಶತಮಾನದಲ್ಲಿ, ರಾಜ್ಯಭಾರದ ಗೊಂದಲಗಳ ನಡುವೆಯೂ, ಶಿವಪರವಾದ ಕನ್ನಡ ಗ್ರಂಥಗಳನ್ನೂ ಸಂಸ್ಕೃತದಲ್ಲಿ ‘ಸಂಗೀತಗಂಗಾಧರ’ವನ್ನೂ ರಚಿಸಿದುದು ಆ ಭಕ್ತಿಯ ಆವರಣದಲ್ಲಿಯೇ.

ಯಂತ್ರದ ಸ್ವರೂಪವನ್ನು ಮೊದಲು ಹೇಳಿಬಿಡಬೇಕು. ಚುಕ್ಕಾಣಿಯ ಬಳಿ ಒಂದು ಪರದೆ, ಅದಕ್ಕೆ ವಿದ್ಯುತ್ತನ್ನೀಯುವ 12 ವೋಲ್ಟಿನ ಬ್ಯಾಟರಿ, ಅಲ್ಲಿಂದ ಹೊರಟ ತಂತಿಯ ತುದಿಯಲ್ಲಿ ಮುಷ್ಟಿಗಾತ್ರದ ಟ್ರಾನ್ಸ್‌ಡ್ಯೂಸರು, ಇಷ್ಟೇ ಅದರ ಅಂಗಗಳು. ಈ ಕೊನೆಯದರೊಳಗೆ ಪಿಂಗಾಣಿಯಂಥ ಬಿಲ್ಲೆಯೊಂದಿದ್ದು, ವಿದ್ಯುತ್ತು ತಾಗಿದಾಗ ಅದು ಸೆಕೆಂಡಿಗೆ 50 ಸಾವಿರ ಸಲವೋ 2 ಲಕ್ಷ ಸಲವೋ ಕಂಪಿಸುತ್ತದೆ. ಮನುಷ್ಯನ ಕಿವಿಯ ಮಿತಿ 20 ಸಾವಿರವಾದುದರಿಂದ ಈ ಶಬ್ದ ನಮ್ಮ ಪಾಲಿಗೆ ಮೌನವೇ. ಅದು ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಿಂದ ಕೆಳಗಿಳಿದು, ತಳಕ್ಕೋ ಮೀನಿಗೋ ತಾಗಿ, ಪ್ರತಿಧ್ವನಿಯಾಗಿ ಮರಳುತ್ತದೆ. ಅದೇ ಬಿಲ್ಲೆಯೇ ಅದನ್ನು ಕೇಳಿಸಿಕೊಳ್ಳುತ್ತದೆ. ಹದಿನೈದು ಮೀಟರ್ ಆಳದ ನೀರಿನಲ್ಲಿ ಹೋಗಿ ಬರುವ ಈ ಯಾತ್ರೆಗೆ ಹಿಡಿಯುವ ಕಾಲ ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗ.

ಇದನ್ನು ಅಳವಡಿಸುವ ಕೆಲಸವನ್ನು ಮಲ್ಪೆಯ ದಡದಲ್ಲಿ, ಫೈಬರಿನ ಸಣ್ಣ ದೋಣಿಯೊಂದರಲ್ಲಿ, ನಾನು ಹತ್ತಿರ ನಿಂತು ನೋಡಿದ್ದೇನೆ. ತಳವನ್ನು ಒಳಗಿನಿಂದ ಮರಳುಕಾಗದದಿಂದ ಉಜ್ಜಿ, ಒರಸಿ, ಜೇನಿನಂತೆ ಗಟ್ಟಿಯಾದ ಅಂಟನ್ನು ಸುರಿದು, ಅದರಲ್ಲಿ ಟ್ರಾನ್ಸ್‌ಡ್ಯೂಸರನ್ನು ಒತ್ತಿಟ್ಟು, ಕೆಲಸಗಾರನೊಬ್ಬ ಅದನ್ನು ಅತ್ತಿತ್ತ ತಿರುಗಿಸುತ್ತ ಅಂಚಿನಿಂದ ಹೊರಬರುವ ಗಾಳಿಗುಳ್ಳೆಗಳನ್ನು ಒಂದೊಂದಾಗಿ ಬೆರಳಿನಿಂದ ಒಡೆಯುತ್ತಿದ್ದ. “ಒಳಗೆ ಗಾಳಿ ಉಳಿದರೆ ಇದು ಕುರುಡು ಮಾರಾಯ್ರೆ, ಏನೂ ಕಾಣುವುದಿಲ್ಲ” ಎಂದ. ಶಬ್ದಕ್ಕೆ ನೀರಿನಿಂದ ಗಾಳಿಗೆ ದಾಟುವುದು ದುಸ್ತರ. ಗಾಳಿಯ ಗೋಡೆ ಸಿಕ್ಕಿದೊಡನೆ ಅದು ಹಿಂದಿರುಗಿಬಿಡುತ್ತದೆ. ಟ್ರಾನ್ಸ್‌ಡ್ಯೂಸರನ್ನು ಹಿಂಬದಿಯ ಹಲಗೆಯ ಹೊರಮೈಗೆ ಬಿಗಿಯುವವರು ಅದನ್ನು ಪ್ರೊಪೆಲ್ಲರಿನ ನೊರೆಯಿಂದ ದೂರವಿಡುವುದೂ, ಮುಖವು ನೀರಿನ ಮೇಲ್ಮೈಗೆ ಸಮಾಂತರವಾಗಿರುವಂತೆ ನೋಡಿಕೊಳ್ಳುವುದೂ, ಶಬ್ದ ನೇರವಾಗಿ ಕೆಳಗಿಳಿಯಬೇಕೆಂಬ ಎಚ್ಚರದಿಂದ.

ನೀರಿನೊಳಗಿನ ಶಬ್ದಕ್ಕೆ ಇಂಥ ವೇಗವುಂಟೆಂದು ಅಳೆದು ತೋರಿಸಿದುದು 1826ರಲ್ಲಿ, ಜಿನೀವಾ ಸರೋವರದಲ್ಲಿ: ಒಂದು ದೋಣಿಯಲ್ಲಿ ನೀರೊಳಗೆ ಗಂಟೆ ಹೊಡೆದು ಅದೇ ಕ್ಷಣ ಮದ್ದನ್ನು ಉರಿಸಿ ಬೆಳಕು ತೋರುವುದು, ಬಹುದೂರದ ಇನ್ನೊಂದು ದೋಣಿಯಲ್ಲಿ ಕೊಲಾಡನ್ ಎಂಬ ವಿಜ್ಞಾನಿ ನೀರಿಗಿಳಿಸಿದ ಕೊಳವೆಗೆ ಕಿವಿಗೊಟ್ಟು ಆ ನಾದ ಬರುವ ತನಕದ ಕಾಲವನ್ನು ಎಣಿಸುವುದು. ಈ ವಿದ್ಯೆಯನ್ನು ಮೀನುಗಾರನ ಕೈಗೆಟುಕುವ ಸಾಧನವನ್ನಾಗಿಸಿದವರು ಜಪಾನಿನ ಫುರುನೋ ಸಹೋದರರು, 1948ರಲ್ಲಿ.

ಈಗ ವಿಚಾರಕ್ಕೆ ಬರೋಣ. ಕಣ್ಣು ವಸ್ತುವನ್ನು ಹೇಗೆ ಕಾಣುತ್ತದೆ ಎಂಬಲ್ಲಿ ನ್ಯಾಯದರ್ಶನದವರಾದ ನೈಯಾಯಿಕರದು ಒಂದು ವಿಚಿತ್ರವಾದ ಸಿದ್ಧಾಂತ. ಇಂದ್ರಿಯಗಳೆಲ್ಲವೂ ಪ್ರಾಪ್ಯಕಾರಿಗಳು, ಎಂದರೆ ವಿಷಯವನ್ನು ಮುಟ್ಟಿಯೇ ಅರಿಯತಕ್ಕವು. ಕಣ್ಣು ತೇಜೋಮಯವಾದುದರಿಂದ ಅದರ ರಶ್ಮಿಯು ಹೊರಗೆ ಚಾಚಿ, ದೂರದ ವಸ್ತುವನ್ನು ಸ್ಪರ್ಶಿಸಿ ಗ್ರಹಿಸುತ್ತದೆ ಎಂಬುದು ಅವರ ಮತ. ರಾತ್ರಿ ಸಂಚರಿಸುವ ಪ್ರಾಣಿಗಳ ಕಣ್ಣಿನಲ್ಲಿ ಕಾಣುವ ಹೊಳಪನ್ನು ಆ ದರ್ಶನದ ಮೂಲಪುರುಷ ಗೌತಮನ ಸೂತ್ರವೇ ಇದಕ್ಕೆ ಸಾಕ್ಷಿಯಾಗಿ ಮುಂದಿಟ್ಟಿದೆ. ಬೌದ್ಧರು ಒಪ್ಪಲಿಲ್ಲ. ಹತ್ತಿರದ ಮರದ ಕೊಂಬೆಯನ್ನೂ ಅದರಾಚೆಯ ಚಂದ್ರನನ್ನೂ ನಾವು ಒಟ್ಟಿಗೇ ಕಾಣುತ್ತೇವಲ್ಲ, ರಶ್ಮಿಯು ಚಂದ್ರನವರೆಗೆ ನಡೆದುಹೋಗಲು ಕಾಲ ಬೇಡವೆ ಎಂಬುದು ಎದುರಾಳಿಗಳ ಪ್ರಬಲವಾದ ಆಕ್ಷೇಪ. ಬೇಕು, ಆದರೆ ಆ ಕಾಲ ಅತಿಸೂಕ್ಷ್ಮವಾದುದರಿಂದ ನಮಗೆ ತಿಳಿಯದು. ನೂರು ತಾವರೆಯ ಎಸಳುಗಳನ್ನು ಒಂದರ ಮೇಲೊಂದಿಟ್ಟು ಸೂಜಿಯಿಂದ ಚುಚ್ಚಿದರೆ ಎಲ್ಲವೂ ಏಕಕಾಲದಲ್ಲಿ ತೂತಾದಂತೆ ತೋರುವುದಿಲ್ಲವೆ ಎಂದು ನೈಯಾಯಿಕರು ಉತ್ತರಿಸಿದರು. ಆಧುನಿಕ ದೃಗ್ವಿಜ್ಞಾನ ಬಂದ ಮೇಲೆ ಈ ವಾದ ಪಾಠಶಾಲೆಗಳ ಜಗಲಿಯಲ್ಲಿ ಮಾತ್ರ ಉಳಿಯಿತು. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಯೇ ಹೊರತು ಕಣ್ಣಿನಿಂದ ಹೊರಡುವುದಿಲ್ಲವೆಂದು ಇಂದು ಎಳೆಯ ಮಕ್ಕಳೂ ಬಲ್ಲರು.

ಆದರೆ ಮಲ್ಪೆಯ ಬೋಟಿನ ತಳಕ್ಕೆ ಅಂಟಿಸಿದ ಆ ಬಿಲ್ಲೆ ಮಾಡುವುದೇನು? ತನ್ನಿಂದ ಒಂದನ್ನು ಹೊರಗೆ ಕಳುಹಿಸುತ್ತದೆ, ಅದು ವಸ್ತುವನ್ನು ಮುಟ್ಟುತ್ತದೆ, ಮುಟ್ಟಿದುದರಿಂದ ಅರಿವು ಹುಟ್ಟುತ್ತದೆ. ಕಣ್ಣಿನ ವಿಷಯದಲ್ಲಿ ಸುಳ್ಳಾದ ಪ್ರಾಪ್ಯಕಾರಿತ್ವ ಇಲ್ಲಿ ಅಕ್ಷರಶಃ ನಿಜವಾಗಿದೆ. ಅದಕ್ಕಿಂತ ಸ್ವಾರಸ್ಯವಾದ ಮಾತೆಂದರೆ, ಹೋಗಿ ಮುಟ್ಟುವುದಕ್ಕೆ ಹಿಡಿಯುವ ಕಾಲವನ್ನು ನೈಯಾಯಿಕನು ತಾವರೆಯ ಎಸಳುಗಳ ಮರೆಯಲ್ಲಿ ಅಡಗಿಸಬೇಕಾಯಿತಷ್ಟೆ, ಆ ಕಾಲವೇ ಈ ಯಂತ್ರದ ಸರ್ವಸ್ವ. ಅದು ಆಳವನ್ನು ಅಳೆಯುವುದಿಲ್ಲ, ವಿಳಂಬವನ್ನು ಅಳೆಯುತ್ತದೆ; ಆಳವೆಂಬುದು ಲೆಕ್ಕದಿಂದ ಬಂದದ್ದು. ಗಂಗೆಯ ಮಸುಕುನೀರಿನಲ್ಲಿ ಬಹುತೇಕ ಕುರುಡಾಗಿ ಬಾಳುವ ಡಾಲ್ಫಿನ್ನೂ ನಮ್ಮ ಮನೆಯ ಸೂರಿನ ಬಾವಲಿಯೂ ಇದೇ ವಿದ್ಯೆಯಿಂದ ಬೇಟೆಯಾಡುತ್ತವೆ ಎಂಬುದು ಗೌತಮನಿಗೆ ತಿಳಿದಿದ್ದರೆ ಬೆಕ್ಕಿನ ಕಣ್ಣಿನ ಹೊಳಪನ್ನು ಆತ ಕೈಬಿಡುತ್ತಿದ್ದನೇನೋ.

ಹಾಗಾದರೆ ಇದು ಪ್ರತ್ಯಕ್ಷವೆ? ಪರದೆಯನ್ನು ನೋಡಿದರೆ ಹಾಗೆನ್ನಲಾಗದು. ಅಲ್ಲಿ ಕಾಣುವುದು ಮೀನಲ್ಲ, ಕಮಾನಿನಂಥ ಒಂದು ಗೆರೆ. ಶಬ್ದವು ಕೆಳಗಿಳಿಯುತ್ತ ಶಂಕುವಿನಂತೆ ಅಗಲವಾಗುವುದರಿಂದ, ಮೀನು ಅದರ ಅಂಚನ್ನು ಹೊಕ್ಕಾಗ ದೂರ ಹೆಚ್ಚು, ನಡುವಿಗೆ ಬಂದಾಗ ಕಡಮೆ, ಹೊರಬೀಳುವಾಗ ಮತ್ತೆ ಹೆಚ್ಚು. ಈ ದೂರಗಳ ಚರಿತ್ರೆಯೇ ಕಮಾನು. ನಿಂತ ದೋಣಿಯ ಕೆಳಗೆ ನಿಂತ ಮೀನು ಕಮಾನಾಗದೆ ಉದ್ದನೆಯ ಗೀಟಾಗುತ್ತದೆ. ತಡಮಾಡಿದ ಸಣ್ಣ ಮೀನು ಅವಸರದ ದೊಡ್ಡ ಮೀನಿಗಿಂತ ಉದ್ದವಾದ ಗುರುತನ್ನು ಬಿಡುತ್ತದೆ. ಇನ್ನೂ ಒಂದು ಹೆಜ್ಜೆ ಒಳಗೆ ಹೋದರೆ, ಮೀನಿನ ಮಾಂಸವು ಸಾಂದ್ರತೆಯಲ್ಲಿ ನೀರಿಗೆ ಅತಿ ಹತ್ತಿರವಾದುದರಿಂದ ಶಬ್ದವು ಅದನ್ನು ಲೆಕ್ಕಕ್ಕಿಡದಂತೆ ದಾಟಿಹೋಗಿ, ಒಡಲೊಳಗಿನ ಗಾಳಿಚೀಲಕ್ಕೆ ತಾಗಿ ಮರಳುತ್ತದೆ. ಆ ಚೀಲವಿಲ್ಲದ ಶಾರ್ಕಿನ ಗುರುತು ಅದರ ಮೈಗಾತ್ರಕ್ಕೆ ತಕ್ಕಷ್ಟು ಮೂಡುವುದಿಲ್ಲ. ಅಂತೂ ಯಂತ್ರಕ್ಕೆ ಸಿಕ್ಕುವುದು ಮೀನು ನುಂಗಿಕೊಂಡ ಶೂನ್ಯ. ದೋಣಿಯ ತಳದಲ್ಲಿ ಕುರುಡನ್ನು ತರುವ ಗಾಳಿಯೇ ಮೀನಿನ ಒಡಲಲ್ಲಿ ಕಾಣ್ಕೆಗೆ ಕಾರಣವೆಂಬುದು ಎಂಥ ಚಮತ್ಕಾರ!

ಆದುದರಿಂದ ಇದು ಅನುಮಾನ: ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಗುರುತಿನಿಂದ ಮೀನನ್ನು ಊಹಿಸುವುದು. ತರ್ಕಸಂಗ್ರಹವನ್ನು ಓದಿದವರು ಬಲ್ಲಂತೆ, ಅನುಮಾನಕ್ಕೆ ವ್ಯಾಪ್ತಿಜ್ಞಾನ ಬೇಕು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆಂಬುದನ್ನು ಅಡುಗೆಮನೆಯಲ್ಲಿ ಮೊದಲು ಕಂಡಿರಬೇಕು. ಬೋಟನ್ನು ನಡೆಸುವ ತಾಂಡೇಲನಿಗೆ ಆ ಅಡುಗೆಮನೆ ಅವನ ಬಲೆ. ಇಂಥ ಬಣ್ಣ, ಇಂಥ ದಪ್ಪ, ನೀರಿನ ಇಂಥ ಮಟ್ಟ ಎಂಬುದರಿಂದ ಅದು ಬೂತಾಯಿಯೋ ಬಂಗುಡೆಯೋ ಎಂದು ಅವನು ಊಹಿಸುವುದು ವರ್ಷಗಳ ಕಾಲ ಬಲೆಯೆತ್ತಿ ನೋಡಿದ ಬಲದಿಂದ. ಕಪಿಲೆಯಲ್ಲಿ ಹರಿಗೋಲು ಹಾಕುವ ಬೆಸ್ತನೂ ನೀರಿನ ಮೇಲೆದ್ದ ಗುಳ್ಳೆ, ಸುಳಿ, ಹಕ್ಕಿಯ ಎರಗು ಇವುಗಳಿಂದ ಮೀನಿರುವ ತಾಣವನ್ನು ಊಹಿಸುತ್ತಾನಲ್ಲ. ಜಾತಿಯಲ್ಲಿ ಎರಡೂ ಒಂದೇ.

ಕಷ್ಟ ಬರುವುದು ವ್ಯಾಪ್ತಿಯೇ ಇಲ್ಲದವನು ಪರದೆಯ ಮುಂದೆ ಕುಳಿತಾಗ. ಅಂಥವರ ಅನುಕೂಲಕ್ಕೆಂದು ಅನೇಕ ಯಂತ್ರಗಳಲ್ಲಿ ಕಮಾನಿನ ಬದಲು ಮುದ್ದಾದ ಪುಟ್ಟ ಮೀನಿನ ಚಿತ್ರವನ್ನೇ ಬರೆದು ತೋರಿಸುವ ಒಂದು ವ್ಯವಸ್ಥೆಯುಂಟು. ಪ್ರತಿಧ್ವನಿ ಜೋರಾದರೆ ದೊಡ್ಡ ಮೀನು, ಮೆಲುವಾದರೆ ಸಣ್ಣದು. ತೇಲಿಬಂದ ಪಾಚಿಗೂ ಗುಳ್ಳೆಗಳ ಗುಂಪಿಗೂ ಅದು ಬಾಲ ಕಿವಿರು ಹಚ್ಚಿ ತೋರಿಸಬಹುದು. ಹಗ್ಗವನ್ನು ಹಾವೆಂದು ತಿಳಿಯುವ ಅಧ್ಯಾಸಕ್ಕೆ ಕತ್ತಲೆಯಾದರೂ ನೆಪವಾಗಿತ್ತು. ಇಲ್ಲಿ ಭ್ರಾಂತಿಯನ್ನು ಗುಂಡಿಯೊತ್ತಿ ತರಿಸಿಕೊಳ್ಳುತ್ತೇವೆ. ಸೂಕ್ಷ್ಮತೆಯ ಗುಂಡಿಯನ್ನು ಏರಿಸಿದರೆ ಕಸವೆಲ್ಲ ಮೀನಾಗುತ್ತದೆ, ಇಳಿಸಿದರೆ ಮೀನೂ ಮಾಯವಾಗುತ್ತದೆ. ಅನುಭವಸ್ಥರು ಆ ಚಿತ್ರಗಳನ್ನು ಆರಿಸಿಬಿಟ್ಟು ಗೆರೆಗಳನ್ನೇ ಓದುತ್ತಾರೆ.

ವ್ಯಾಪ್ತಿಯಿಲ್ಲದವನ ಪಾಲಿಗೆ ಈ ಯಂತ್ರಜ್ಞಾನ ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ, ಅದು ಆಪ್ತವಾಕ್ಯ, ಎಂದರೆ ನಂಬತಕ್ಕವನ ಮಾತು. ಶಾಸ್ತ್ರದಲ್ಲಿ ನಂಬಿಕೆಯಿಟ್ಟವರನ್ನು ಕಂಡು ನಗುವ ನಮ್ಮ ಕಾಲದ ಮನುಷ್ಯ, ತನಗೆ ಅರ್ಥವಾಗದ ಪರದೆಯ ಮಾತನ್ನು ಶಿರಸಾವಹಿಸುವಾಗ, ತಾನೂ ಆಪ್ತವಾಕ್ಯವನ್ನು ನೆಚ್ಚುವ ಶಬ್ದಪ್ರಮಾಣದ ಆಶ್ರಯದಲ್ಲಿಯೇ ಇದ್ದೇನೆಂಬುದನ್ನು ಮರೆಯುತ್ತಾನೆ. ನಂಬುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಂಬದೆ ಯಾರ ಸಂಸಾರ ನಡೆದೀತು? ಆದರೆ ನಮ್ಮ ಹಿರಿಯರು ಆಪ್ತನೆಂದರೆ ಯಾರೆಂಬುದಕ್ಕೆ ಲಕ್ಷಣ ಹೇಳಿದ್ದಾರೆ. ವಿಷಯವನ್ನು ಸ್ವತಃ ಸಾಕ್ಷಾತ್ಕರಿಸಿಕೊಂಡಿರಬೇಕು, ಕಂಡದ್ದನ್ನು ಕಂಡಂತೆ ಹೇಳುವ ಇಚ್ಛೆಯಿರಬೇಕು. ಈ ಲಕ್ಷಣವುಳ್ಳವನು ಋಷಿಯಾಗಲಿ ಆರ್ಯನಾಗಲಿ ಮ್ಲೇಚ್ಛನಾಗಲಿ ಸಮಾನವೇ ಎಂದು ಗೌತಮನ ಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನನು ಬಿಚ್ಚುಮನಸ್ಸಿನಿಂದ ಬರೆದಿದ್ದಾನೆ. ಇಷ್ಟು ಉದಾರವಾದ ಬಾಗಿಲಿನೊಳಗೂ ಯಂತ್ರ ನುಗ್ಗಲಾರದು. ಅದಕ್ಕೆ ಸಾಕ್ಷಾತ್ಕಾರವೂ ಇಲ್ಲ, ಹೇಳಬೇಕೆಂಬ ಇಚ್ಛೆಯೂ ಇಲ್ಲ. ನಿಜವಾದ ಆಪ್ತನು ಅದನ್ನು ನಿರ್ಮಿಸಿದ ಎಂಜಿನಿಯರು. ಆತನು ಪ್ರತಿಧ್ವನಿಯನ್ನು ಬಲ್ಲ, ನಮ್ಮ ಕಡಲಿನ ಬಂಗುಡೆಯನ್ನು ಬಲ್ಲನೆಂಬ ಭರವಸೆಯಿಲ್ಲ. ಉಳಿದರ್ಧವನ್ನು ಬಲೆಯೇ ತುಂಬಬೇಕು.

ಯಂತ್ರದ ಗುರುತು ಕೊನೆಯ ಮಾತಲ್ಲವೆಂಬುದನ್ನು ಮಲ್ಪೆಯವರು ಬಲು ದುಃಖದಿಂದ ಕಲಿತರು. 2018ರ ಡಿಸೆಂಬರಿನಲ್ಲಿ ಏಳು ಮಂದಿಯನ್ನು ಹೊತ್ತು ಅಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಬೋಟು ಕಣ್ಮರೆಯಾಯಿತು. ತಿಂಗಳುಗಟ್ಟಲೆ ಊಹೆಗಳು ಹರಿದಾಡಿದವು. 2019ರ ಮೇ ತಿಂಗಳಲ್ಲಿ ನೌಕಾದಳದ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಕರಾವಳಿಯಾಚೆ, ಸುಮಾರು 60 ಮೀಟರ್ ಆಳದಲ್ಲಿ, ಇದೇ ಪ್ರತಿಧ್ವನಿಯ ವಿದ್ಯೆಯಾದ ಸೋನಾರಿನಿಂದ ಅದರ ಅವಶೇಷವನ್ನು ಪತ್ತೆಮಾಡಿತು. ಆದರೆ ಸೋನಾರಿನ ಗುರುತನ್ನೇ ಕೊನೆಯ ಮಾತೆಂದು ನೌಕಾದಳ ತೆಗೆದುಕೊಳ್ಳಲಿಲ್ಲ. ಮುಳುಗುಗಾರರು ಕೆಳಗಿಳಿದು ಅದೇ ಬೋಟೆಂದು ಖಚಿತಪಡಿಸಿದ ಮೇಲೆಯೇ ಸುದ್ದಿ ಹೊರಬಿದ್ದಿತು. ಅನುಮಾನವು ಪ್ರತ್ಯಕ್ಷಕ್ಕಾಗಿ ಕಾಯಬೇಕಾದಲ್ಲಿ ಕಾದುದು ಹೀಗೆ. ಆ ಏಳು ಮಂದಿ ಏನಾದರೆಂದು ಕೇಳಿದವರಿಗೆ ಮಾತ್ರ ಯಾವ ಪ್ರಮಾಣವೂ ಸಮಾಧಾನ ನೀಡಲಿಲ್ಲ.

ಪ್ರಮಾಣಗಳಿಗೆ ತಂತಮ್ಮ ಎಲ್ಲೆಗಳುಂಟು. ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗಲಾರದೆಂದು ಶಂಕರಾಚಾರ್ಯರು ಗೀತಾಭಾಷ್ಯದಲ್ಲಿ ನಿಸ್ಸಂದಿಗ್ಧವಾಗಿ ಹೇಳಿರುವುದುಂಟು. ಈ ನ್ಯಾಯವನ್ನು ಮಗುಚಿಯೂ ಹಿಡಿಯಬಹುದು: ಮೀನು ಎಲ್ಲಿದೆಯೆಂದು ಯಂತ್ರ ಹೇಳಬಲ್ಲುದು, ಬಲೆ ಬೀಸಬಹುದೇ ಎಂದು ಹೇಳಲಾರದು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವುದು ಆ ಎರಡನೆಯ ಪ್ರಶ್ನೆಗೆ ಉತ್ತರವಾಗಿ. ಶೃಂಗೇರಿಯ ತುಂಗೆಯಲ್ಲೂ ರಾಮನಾಥಪುರದ ಕಾವೇರಿಯಲ್ಲೂ ಭಕ್ತರು ಎರಚಿದ ಪುರಿಗೆ ಮೀನುಗಳು ಮೆಟ್ಟಿಲವರೆಗೂ ಬಂದು ಬಾಯ್ದೆರೆಯುತ್ತವೆ. ಕೈಗೆಟುಕುವಷ್ಟು ಪ್ರತ್ಯಕ್ಷ, ಆದರೆ ಅಲ್ಲಿ ಗಾಳ ಹಾಕುವಂತಿಲ್ಲ.

ಯಂತ್ರದ ಎಲ್ಲೆಯನ್ನು ತೋರುವ ಇನ್ನೊಂದು ತಾಣ ನಮ್ಮ ತಿರುಮಕೂಡಲು ನರಸೀಪುರದ ಸೀಮೆಯದೇ ಆದ ಮಾಲಂಗಿಯ ಮಡು. 1610ರಲ್ಲಿ ಶ್ರೀರಂಗಪಟ್ಟಣವು ಮೈಸೂರಿನ ರಾಜ ಒಡೆಯರ ವಶವಾದ ತರುವಾಯ, ಒಡವೆಗಾಗಿ ಬೆನ್ನಟ್ಟಿ ಬಂದವರಿಗೆ ಶಾಪವಿತ್ತು ಅಲ್ಲಿನ ರಾಜಪ್ರತಿನಿಧಿಯ ಪತ್ನಿ ಅಲಮೇಲಮ್ಮ ಕಾವೇರಿಗೆ ಹಾರಿದಳೆಂದೂ, ಅಂದಿನಿಂದ ತಲಕಾಡಿಗೆ ಮರಳೂ ಮಾಲಂಗಿಗೆ ಮಡುವೂ ಪ್ರಾಪ್ತವಾದುವೆಂದೂ ಐತಿಹ್ಯ. ತಲಕಾಡಿನ ಮರಳಿಗೆ ಗಾಳಿ, ಹೊಳೆಯ ತಿರುವು, ಮಾಧವಮಂತ್ರಿಯ ಅಣೆಕಟ್ಟೆ ಎಂಬ ಕಾರಣಗಳನ್ನು ಹೇಳುವವರುಂಟು. ಅವು ಯುಕ್ತವೇ ಇರಬಹುದು. ಮಡುವಿಗೆ ತಳವಿಲ್ಲವೆಂದು ಹೇಳುವ ಕಡೆ ಯಂತ್ರವನ್ನು ತೇಲಿಬಿಟ್ಟರೆ ಅದು ನಿಮಿಷದೊಳಗೆ ಒಂದು ಅಂಕಿಯನ್ನು ಕೊಟ್ಟೀತು, ಆ ಅಂಕಿ ಸರಿಯಾಗಿಯೂ ಇದ್ದೀತು. ಶಾಪ ಸುಳ್ಳಾಯಿತೆಂದು ಇದರಿಂದ ವಾದಿಸುವವನು, ಶಾಪವನ್ನು ಮೀಟರುಗಳ ಕುರಿತ ಹೇಳಿಕೆಯೆಂದು ಭಾವಿಸಿದವನು. ನಿಸ್ಸಹಾಯಳಾದ ಹೆಂಗಸೊಬ್ಬಳಿಗಾದ ಅನ್ಯಾಯವನ್ನು ನಾಲ್ಕು ಶತಮಾನಗಳಿಂದ ನೆನಪಿಟ್ಟುಕೊಂಡ ಜನದ ಮಾತು ಯಾವ ಪ್ರತಿಧ್ವನಿಗೂ ವಿಷಯವಲ್ಲ. ಅಂಕಿಯನ್ನು ಬರೆದುಕೊಂಡು ದಡಕ್ಕೆ ಬಂದ ಪಂಡಿತನಿಗೆ ಮಾಲಂಗಿಯ ಮುದುಕಿಯೊಬ್ಬಳು ಎಲೆಯಡಿಕೆ ಮೆಲ್ಲುತ್ತ, “ಇವತ್ತಿಗೆ ಅಷ್ಟೇ ಇರ್ಬೌದು ಕನಪ್ಪ, ಹೊಳೆ ಬಂದಾಗ ಬಂದು ಅಳೀರಿ” ಎಂದರೆ, ಮುಂಗಾರಿನಲ್ಲಿ ಕಬಿನಿ ಅಣೆಕಟ್ಟೆಯ ಬಾಗಿಲು ತೆರೆದಾಗಿನ ಹೊಳೆಯನ್ನು ಕಂಡ ನನಗಂತೂ ಆಕೆಯ ಮಾತಿನಲ್ಲಿ ತರ್ಕದೋಷವೇನೂ ಕಾಣದು.