ಹುಳುವಿನ ದೌರ್ಬಲ್ಯ ಯಾರ ಸ್ವತ್ತು?

ಜಪಾನಿನ ರೇಷ್ಮೆ ಹುಳುಗಳು ಇದ್ದಕ್ಕಿದ್ದಂತೆ ಸಾಯತೊಡಗಿದಾಗ ಕಾರಣ ಹುಡುಕಲು ಕೂತವರು ಇಶಿವಾಟ ಶಿಗೆಟಾನೆ. 1901ರಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬ್ಯಾಕ್ಟೀರಿಯಾ. ಹತ್ತು ವರ್ಷಗಳ ತರುವಾಯ ಜರ್ಮನಿಯ ಅರ್ನ್ಸ್ಟ್ ಬರ್ಲಿನರ್ ಅದನ್ನೇ ಹಿಟ್ಟಿನ ಪತಂಗದ ಮರಿಹುಳುವಿನಲ್ಲಿ ಕಂಡು, ತುರಿಂಗಿಯಾ ಪ್ರಾಂತದ ಹೆಸರು ಸೇರಿಸಿ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂದು ಕರೆದರು. ನಮ್ಮ ಹತ್ತಿ ಸೀಮೆಯ ಬಾಯಲ್ಲಿ ಇಂದು ‘ಬಿಟಿ’ ಆಗಿರುವುದು ಇದೇ.

ಈ ಬ್ಯಾಕ್ಟೀರಿಯಾ ಕಟ್ಟುವ ಪ್ರೋಟೀನು ಕೆಲವು ಜಾತಿಯ ಮರಿಹುಳುಗಳ ಕ್ಷಾರಗುಣದ ಕರುಳಿನಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿಕೊಂಡು, ಅದನ್ನು ತೂತು ಮಾಡುತ್ತದೆ. ಹುಳು ಮೇವು ಬಿಟ್ಟು ಸಾಯುತ್ತದೆ. ಪ್ರೋಟೀನು ಅಂಟಿಕೊಳ್ಳಲು ಗೋಡೆಯ ಮೇಲೆ ತಕ್ಕ ಜಾಗವೊಂದು ಇರಬೇಕು. ಅದು ಇಲ್ಲದ ಜೀವಿಗೆ ಇದು ವಿಷವಲ್ಲ. ಸಾವಯವ ಕೃಷಿಕರು ದಶಕಗಳಿಂದ ಬಿಟಿ ಪುಡಿಯನ್ನು ನೀರಿಗೆ ಬೆರೆಸಿ ಸಿಂಪಡಿಸುತ್ತ ಬಂದಿದ್ದಾರೆ. ಆ ಪ್ರೋಟೀನಿನ ವಂಶವಾಹಿಯನ್ನೇ ಗಿಡದೊಳಗೆ ಕೂಡಿಸಿದ ಹತ್ತಿ 1996ರಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾದ ಹೊಲಗಳಿಗೆ ಇಳಿಯಿತು, 2002ರಲ್ಲಿ ಭಾರತಕ್ಕೆ ಬಂತು.

ಹಾಗಾಗಿ ಬಿಟಿ ಬೆಳೆ ಕೆಲಸ ಮಾಡಬೇಕಾದರೆ ಎರಡು ವಸ್ತು ಬೇಕು. ಒಂದು, ಗಿಡದೊಳಗಿನ ವಂಶವಾಹಿ. ಇನ್ನೊಂದು, ಹುಳುವಿನ ಕರುಳಿನ ದೌರ್ಬಲ್ಯ. ಮೊದಲನೆಯದಕ್ಕೆ ಪೇಟೆಂಟ್ ಇತ್ತು, ಪರವಾನಗಿ ಇತ್ತು, ಪ್ಯಾಕೆಟ್‌ಗೆ ಇಷ್ಟು ಎಂಬ ದರವೂ ಇತ್ತು. ಎರಡನೆಯದಕ್ಕೆ ಒಡೆಯರಿಲ್ಲ. ಕೋಟ್ಯಂತರ ವರ್ಷಗಳ ವಿಕಾಸದಲ್ಲಿ ಹಾಗೆ ಒದಗಿಬಂದದ್ದು ಅದು. ಬಿಟಿ ಬಿತ್ತುವವರಿಗೂ, ಬಿಟಿ ಪುಡಿ ಹೊಡೆಯುವ ಸಾವಯವ ಕೃಷಿಕರಿಗೂ, ಮುಂದೆ ಹುಟ್ಟಲಿರುವವರಿಗೂ ಸೇರಿದ್ದು. ಬಳಸಿದಷ್ಟೂ ಸವೆಯುವ ಸ್ವತ್ತು ಕೂಡ ಹೌದು. ಕುಲಾಂತರಿ ಬೆಳೆಗಳ ಸರ್ಕಾರಿ ನಿಯಂತ್ರಣ ಕುರಿತ ನಮ್ಮ ಕಾಲು ಶತಮಾನದ ಜಗಳದಲ್ಲಿ ಮೊದಲನೆಯದರ ಬಗ್ಗೆ ಹೇರಳ ಮಾತು ನಡೆದಿದೆ. ಎರಡನೆಯದರ ಪಾಲಿಗೆ ಒಬ್ಬ ವಕೀಲನೂ ನಿಲ್ಲಲಿಲ್ಲ.

ಭಾರತದ ನಿಯಮಾವಳಿ ಹಳೆಯದು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1989ರಲ್ಲೇ ರೂಪುಗೊಂಡಿತು. ಪ್ರಯೋಗಾಲಯದ ಹಂತಕ್ಕೆ ಒಂದು ಸಮಿತಿ, ಹೊಲದ ಪ್ರಯೋಗಕ್ಕೆ ಇನ್ನೊಂದು, ಕೊನೆಯಲ್ಲಿ ಪರಿಸರ ಸಚಿವಾಲಯದ ಅನುಮೋದನಾ ಸಮಿತಿ ಜಿಇಎಸಿ. ಅಲರ್ಜಿ ಉಂಟೇ, ಜಾನುವಾರಿಗೆ ತೊಂದರೆಯೇ, ಪರಾಗ ಎಷ್ಟು ದೂರ ಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಪಡೆದು ಒಪ್ಪಿಗೆ ಕೊಡುವುದೋ ಬಿಡುವುದೋ ತೀರ್ಮಾನಿಸುವುದು ಅದರ ಕೆಲಸ. ಪ್ರಶ್ನೆಗಳೆಲ್ಲ ಬೇಕಾದವೇ. ಆದರೆ ಇಡೀ ವ್ಯವಸ್ಥೆ ಒಂದು ದಿನದ ಸಹಿಗಾಗಿ ಕಟ್ಟಿದ್ದು. ಸಹಿಯ ಮರುದಿನದಿಂದ ಶುರುವಾಗುವ ಬದುಕಿಗೆ ಅಲ್ಲಿ ಗಟ್ಟಿ ಕಾವಲಿರಲಿಲ್ಲ.

2002ರ ಮಾರ್ಚ್ 26ರಂದು ಮಹಿಕೋ-ಮಾನ್ಸಾಂಟೊ ಬೀಜ ಕಂಪನಿಯ ಮೂರು ಹೈಬ್ರಿಡ್ ಹತ್ತಿಗಳಿಗೆ ಜಿಇಎಸಿ ಒಪ್ಪಿಗೆ ಕೊಟ್ಟಾಗ ಹಾಕಿದ ಷರತ್ತೊಂದು ಈ ಮಾತಿಗೆ ಸಾಕ್ಷಿ. ಬಿಟಿ ಹತ್ತಿಯ ಸುತ್ತ ಐದು ಸಾಲು, ಇಲ್ಲವೇ ಹೊಲದ ಶೇ. 20 ಭಾಗ, ಯಾವುದು ಹೆಚ್ಚೋ ಅಷ್ಟರಲ್ಲಿ ಬಿಟಿಯಲ್ಲದ ಹತ್ತಿ ಬಿತ್ತಬೇಕು. ಇದಕ್ಕೆ ‘ಆಶ್ರಯ ಬೆಳೆ’ ಎನ್ನುತ್ತಾರೆ. ಇದರ ಹಿಂದಿನ ಲೆಕ್ಕಾಚಾರ ಸೊಗಸಾದದ್ದು. ಬಿಟಿ ತಿಂದೂ ಬದುಕುವ ಹುಳು ಲಕ್ಷಾಂತರಕ್ಕೆ ಒಂದು ಇರಬಹುದು. ಅಂಥ ಎರಡು ಹುಳುಗಳು ಪತಂಗಗಳಾಗಿ ಒಂದನ್ನೊಂದು ಕೂಡಿದರೆ ಪೂರ್ತಿ ಬಿಟಿ ನಿರೋಧದ ಸಂತಾನ ಹುಟ್ಟುತ್ತದೆ. ಪಕ್ಕದ ಆಶ್ರಯ ಬೆಳೆಯಲ್ಲಿ ದುರ್ಬಲ ಹುಳುಗಳು ಸಾವಿರಾರು ಸಂಖ್ಯೆಯಲ್ಲಿ ಬೆಳೆದಿದ್ದರೆ, ಅಪರೂಪದ ಪತಂಗಕ್ಕೆ ಜೋಡಿಯಾಗಿ ಸಿಗುವುದು ಅವೇ. ಆಗ ಹುಟ್ಟುವ ಮರಿಗಳು ಬಿಟಿ ತಿಂದರೆ ಬಹುಪಾಲು ಸಾಯುತ್ತವೆ, ನಿರೋಧ ಹರಡುವುದು ನಿಧಾನವಾಗುತ್ತದೆ.

ಈಗ ಎರಡು ಎಕರೆಯ ಮಳೆಯಾಶ್ರಿತ ರೈತನ ಕಡೆಯಿಂದ ನೋಡಬೇಕು. ಶೇ. 20 ಎಂದರೆ ಅವನ ಎಂಬತ್ತು ಗುಂಟೆಯಲ್ಲಿ ಹದಿನಾರು ಗುಂಟೆ. ಅಷ್ಟನ್ನು ಹುಳುವಿಗೆ ಬಿಟ್ಟುಕೊಡು ಎಂದು ಕಾನೂನು ಕೇಳಿತು. ಬಿಟ್ಟುಕೊಟ್ಟವನಿಗೆ ಪರಿಹಾರ ಇರಲಿಲ್ಲ, ಬಿಡದವನಿಗೆ ದಂಡವೂ ಇರಲಿಲ್ಲ. ಪತಂಗಕ್ಕೆ ಬದುವಿನ ಗುರುತಿಲ್ಲ. ಬದುವಿನಾಚೆಯವನು ಬಿತ್ತದಿದ್ದರೆ ಈಚೆಯವನ ತ್ಯಾಗ ದಂಡ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಬಿಟಿಯಲ್ಲದ ಬೀಜದ ಪೊಟ್ಟಣ ಕೊಡುತ್ತಿದ್ದರು. ಅದರಲ್ಲಿ ಎಷ್ಟೋ ಕಳಪೆ. ಮುಖ್ಯ ಬೆಳೆಯ ಜೊತೆ ಹೂ ಬಿಡದ ತಳಿಯೂ ಇರುತ್ತಿತ್ತು. ಹೆಚ್ಚಿನವರು ಬಿತ್ತಲಿಲ್ಲ. ರೈತರ ಅಜ್ಞಾನ ಎಂದು ಇದಕ್ಕೆ ಷರಾ ಬರೆದವರುಂಟು. ಅದು ಅನ್ಯಾಯದ ಮಾತು. ಸಾಮೂಹಿಕ ಹಿತವನ್ನು ಕಾಯುವ ಭಾರವನ್ನು ಅತ್ಯಂತ ಕಡಿಮೆ ಬಲವಿದ್ದವನ ಹೆಗಲಿಗೆ ಹಾಕಿ, ಅವನ ಪಕ್ಕ ಯಾರೂ ನಿಲ್ಲದಿದ್ದರೆ ಅವನು ಮಾಡಬಹುದಾದ್ದು ಅಷ್ಟೇ.

ಕೆರೆಯ ನೀರು ಎಲ್ಲರದು ಎಂದು ಒಪ್ಪಿದ ಊರುಗಳು ನೀರುಗಂಟಿಯನ್ನು ನೇಮಿಸುತ್ತಿದ್ದವು. ತೂಬು ಎತ್ತುವುದು, ಸರದಿ ನೋಡುವುದು, ಕೊನೆಯ ಗದ್ದೆಗೂ ನೀರು ಮುಟ್ಟಿಸುವುದು ಅವನ ಕೆಲಸ. ಅದಕ್ಕೆ ಊರು ಕಾಳು ಅಳೆಯುತ್ತಿತ್ತು. ಎಲ್ಲರ ಸ್ವತ್ತಿಗೆ ಸಂಬಳದ ಕಾವಲುಗಾರ ಬೇಕು ಎಂಬ ತಿಳಿವಳಿಕೆ ನಮಗೆ ಹೊಸದಲ್ಲ. ಬಿಟಿ ಹತ್ತಿಯ ವಿಷಯದಲ್ಲಿ ಆ ತಿಳಿವಳಿಕೆಯನ್ನು ಬಳಸಲಿಲ್ಲ. ಒಪ್ಪಿಗೆ ಕೊಡುವುದು ದೆಹಲಿ, ಬೀಜದಂಗಡಿ ತಪಾಸಣೆ ರಾಜ್ಯದ ಕೃಷಿ ಇಲಾಖೆಯದು. ಆಶ್ರಯ ಬೆಳೆ ಬಿತ್ತಿದ್ದಾರೆಯೇ ಎಂದು ಹೊಲಹೊಲಕ್ಕೆ ಹೋಗಿ ನೋಡಲು ಗಟ್ಟಿಯಾದ ಏರ್ಪಾಟು ಇರಲಿಲ್ಲ.

ಪರಿಣಾಮ ತಡವಾಗಲಿಲ್ಲ. ಗುಜರಾತಿನ ಕೆಲವು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಹುಳು ಮೊದಲ ಪೀಳಿಗೆಯ ಬಿಟಿಯನ್ನು ಅರಗಿಸಿಕೊಂಡಿದೆ ಎಂದು 2010ರಲ್ಲಿ ಮಾನ್ಸಾಂಟೊ ಕಂಪನಿಯೇ ಒಪ್ಪಿಕೊಂಡಿತು. ಎರಡು ವಂಶವಾಹಿಗಳ ಬೋಲ್‌ಗಾರ್ಡ್-2 ಹತ್ತಿಗೆ 2006ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಹತ್ತು ವರ್ಷ ತುಂಬುವುದರೊಳಗೆ ಅದೂ ಸೋಲತೊಡಗಿತು. ಇದಕ್ಕೆ ಇನ್ನೊಂದು ಕಾರಣ ಹೈಬ್ರಿಡ್ ಬೀಜವೇ. ಹೈಬ್ರಿಡ್ ಗಿಡದ ಕಾಯಿಯೊಳಗೆ ಎಲ್ಲ ಬೀಜಗಳಲ್ಲೂ ಬಿಟಿ ಇರುವುದಿಲ್ಲ; ಕೆಲವಕ್ಕೆ ಎರಡೂ ವಂಶವಾಹಿ, ಕೆಲವಕ್ಕೆ ಒಂದು, ಕೆಲವಕ್ಕೆ ಒಂದೂ ಇಲ್ಲ. ಕಾಯಿಯೊಳಗೇ ಬದುಕುವ ಗುಲಾಬಿ ಹುಳುವಿಗೆ ನಿರೋಧ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಅದರ ಮೇಲೆ ಫೆಬ್ರುವರಿ, ಮಾರ್ಚ್ ತನಕ ಹೊಲದಲ್ಲೇ ನಿಲ್ಲುವ ದೀರ್ಘಾವಧಿ ಬೆಳೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಮಂದಿ ವಿಷವೇರಿ ಸತ್ತರು. ಆ ಸಾವುಗಳಿಗೆ ಹಲವು ಕಾರಣಗಳಿದ್ದವು. ಔಷಧಿ ಹೊಡೆಯುವುದೇ ತಪ್ಪುತ್ತದೆ ಎಂಬ ಮಾತು ನಂಬಿ ಬೀಜಕ್ಕೆ ದುಡ್ಡು ಕೊಟ್ಟವರ ಹೊಲಗಳಲ್ಲೇ ಅವು ನಡೆದವು ಎಂಬುದನ್ನು ಮಾತ್ರ ಮರೆಯಬಾರದು.

ಅದೇ ಹುಳು, ಅದೇ ವಂಶವಾಹಿ, ಬೇರೆ ದೇಶ. 2018ರ ಅಕ್ಟೋಬರಿನಲ್ಲಿ ಅಮೆರಿಕ ತನ್ನ ಹತ್ತಿ ಸೀಮೆಯಿಂದ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತು ಎಂದು ಘೋಷಿಸಿತು. ಅರಿಜೋನಾದ ಬೆಳೆಗಾರರು ಹತ್ತು ವರ್ಷ ಆಶ್ರಯ ಬೆಳೆಯ ನಿಯಮ ಪಾಲಿಸಿದರು, ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರತಿವರ್ಷ ಹುಳು ಹಿಡಿದು ನಿರೋಧ ಅಳೆದರು. 2006ರಿಂದ ಆಶ್ರಯ ಬೆಳೆಯ ಬದಲಿಗೆ ಸಂತಾನಶಕ್ತಿ ಕಳೆದ ಪತಂಗಗಳನ್ನು ವಿಮಾನದಿಂದ ಬಿಟ್ಟರು. ಆಸ್ಟ್ರೇಲಿಯಾ ಇನ್ನೂ ಬಿಗಿ: ಒಂದೇ ವಂಶವಾಹಿಯ ಹತ್ತಿಯನ್ನು ಒಟ್ಟು ಹತ್ತಿ ಪ್ರದೇಶದ ಶೇ. 30ಕ್ಕಿಂತ ಹೆಚ್ಚು ಬೆಳೆಯಲು ಬಿಡಲಿಲ್ಲ, ಕೊಯ್ಲಾದ ಮೇಲೆ ನೆಲ ಉತ್ತು ಹುಳುವಿನ ಕೋಶ ನಾಶ ಮಾಡುವುದನ್ನು ಕಡ್ಡಾಯ ಮಾಡಿತು. ಭಾರತದಲ್ಲಿ ಬಿಟಿ ಹತ್ತಿ ಹತ್ತು ಹನ್ನೆರಡು ವರ್ಷಗಳಲ್ಲಿ ಶೇ. 90ಕ್ಕೂ ಹೆಚ್ಚು ನೆಲ ಆವರಿಸಿತು. ಬಿಟಿಯಲ್ಲದ ಬೀಜ ಬೇಕೆಂದವರಿಗೂ ಅಂಗಡಿಯಲ್ಲಿ ಸಿಗದಂತಾಯಿತು.

ಅಲ್ಲಿನ ಬೆಳೆಗಾರರು ಕೆಲವರೇ, ಹಿಡುವಳಿ ನೂರಾರು ಎಕರೆ, ಇಲ್ಲಿಗೆ ಆ ಮಾತು ಹೊಂದದು ಎಂಬ ಆಕ್ಷೇಪ ಸರಿಯೇ. ಆದರೆ ಅದೇ ಆಕ್ಷೇಪ 2002ರ ಷರತ್ತಿಗೂ ತಟ್ಟುತ್ತದೆ. ದೊಡ್ಡ ಹಿಡುವಳಿಗೆ ಹೊಲಿದ ನಿಯಮವನ್ನು ಸಣ್ಣ ಹಿಡುವಳಿಗೆ ತೊಡಿಸಿದರು. ಇಲ್ಲಿಗೆ ಬೇಕಿದ್ದ ದಾರಿಗಳು ಬೇರೆ ಇದ್ದವು: ಬೇಗ ಮುಗಿಯುವ ತಳಿ, ಬಿಟಿ ಬೀಜದ ಜೊತೆಗೇ ಬೆರೆಸಿದ ಬಿಟಿಯಲ್ಲದ ಬೀಜ, ರೈತ ಕೂಡಿಟ್ಟು ಮತ್ತೆ ಬಿತ್ತಬಹುದಾದ ಸಾರ್ವಜನಿಕ ತಳಿ. ಕೊನೆಯದಕ್ಕೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ ಕೈಹಾಕಿದ್ದೂ ಉಂಟು. 2009ರಲ್ಲಿ ಬಂದ ಬಿಕಾನೇರಿ ನರ್ಮಾ ಬಿಟಿ ಹೈಬ್ರಿಡ್ ಅಲ್ಲ, ಬೀಜ ಉಳಿಸಿಕೊಳ್ಳಬಹುದಾದ ತಳಿ. ಅದರಲ್ಲಿ ಮಾನ್ಸಾಂಟೊದ ವಂಶವಾಹಿ ಬೆರೆತಿದೆ ಎಂದು ಗೊತ್ತಾಗಿ ಹಿಂದಕ್ಕೆ ಪಡೆದರು, ವಿಚಾರಣೆಯಾಯಿತು. ಆ ಕನಸಿಗೆ ಹಾಗೆ ಪೆಟ್ಟು ಬಿದ್ದದ್ದು ಕನ್ನಡ ನಾಡಿಗೂ ದೇಶಕ್ಕೂ ಆದ ನಿಜವಾದ ನಷ್ಟ.

ಕರ್ನಾಟಕದ ರೈತರು ಈ ಚರ್ಚೆಗೆ ಬಹಳ ಮುಂಚೆಯೇ ಇಳಿದಿದ್ದರು. 1998ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ರಾಯಚೂರು ಸೀಮೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ತಾಕುಗಳನ್ನು ಕಿತ್ತು ಸುಟ್ಟಿತು. ಬೆಳೆ ಸುಡುವುದನ್ನು ಒಪ್ಪುವುದು ಕಷ್ಟ. ಆದರೆ ಪ್ರಯೋಗ ಎಲ್ಲಿ ನಡೆಯುತ್ತಿದೆ ಎಂಬುದನ್ನೇ ಊರಿನವರಿಗೆ ತಿಳಿಸಿಲ್ಲ ಎಂಬ ಅವರ ದೂರು ನಿಯಂತ್ರಣದ ಬುಡಕ್ಕೇ ಹಾಕಿದ ಪ್ರಶ್ನೆ. ಗುಟ್ಟಾಗಿ ಕೊಟ್ಟ ಒಪ್ಪಿಗೆಯನ್ನು ಬಯಲಲ್ಲಿ ಕಾಯಲಾಗದು. 2001ರಲ್ಲಿ ಗುಜರಾತಿನಲ್ಲಿ ಅನುಮತಿಯಿಲ್ಲದ ನವಭಾರತ್-151 ಬಿಟಿ ಹತ್ತಿ ಸಾವಿರಾರು ಎಕರೆಯಲ್ಲಿ ಬೆಳೆದು ನಿಂತದ್ದು ಪತ್ತೆಯಾದಾಗ, ಸರ್ಕಾರಕ್ಕೆ ಅದನ್ನು ಸುಡಿಸುವ ಶಕ್ತಿಯೂ ಉಳಿದಿರಲಿಲ್ಲ.

ಬದನೆಯ ಕಥೆ ತಿರುಗುಮುರುಗಾಗಿ ನಡೆಯಿತು. ಕುಡಿ ಮತ್ತು ಕಾಯಿ ಕೊರಕಕ್ಕೆ ಬಗ್ಗದ ಬಿಟಿ ಬದನೆಗೆ 2009ರ ಅಕ್ಟೋಬರಿನಲ್ಲಿ ಜಿಇಎಸಿ ಹಸಿರು ನಿಶಾನೆ ತೋರಿತು. ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ಕರೆದರು, ಕೊನೆಯದು ಬೆಂಗಳೂರಿನಲ್ಲಿ. 2010ರ ಫೆಬ್ರುವರಿ 9ರಂದು ತಡೆ ಘೋಷಿಸಿದರು. ಸಚಿವರೊಬ್ಬರು ರೈತರ, ವಿಜ್ಞಾನಿಗಳ, ಗ್ರಾಹಕರ ಮಾತನ್ನು ಬಯಲಲ್ಲಿ ಕೂತು ಕೇಳಿದ್ದು ಈ ಇಡೀ ಇತಿಹಾಸದಲ್ಲಿ ಗೌರವಕ್ಕೆ ಅರ್ಹವಾದ ಗಳಿಗೆ. ಆದರೆ ಆ ‘ಬೇಡ’ ಕೂಡ ಸಹಿಯಾದ ದಿನವೇ ಅನಾಥವಾಯಿತು. ಬಾಕಿ ಉಳಿದ ಪರೀಕ್ಷೆಗಳನ್ನು ಯಾರು, ಯಾವ ಗಡುವಿನೊಳಗೆ ಮಾಡಬೇಕೆಂಬುದು ಇತ್ಯರ್ಥವಾಗಲಿಲ್ಲ. ಬದನೆ ಬೆಳೆಯುವವರು ಎಂದಿನಂತೆ ವಿಷ ಹೊಡೆಯುತ್ತಿದ್ದಾರೆ, ತಿನ್ನುವವರು ತಿನ್ನುತ್ತಿದ್ದಾರೆ. ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟು ಮರುವರ್ಷ ಇಪ್ಪತ್ತು ರೈತರ ಹೊಲದಿಂದ ಶುರುಮಾಡಿತು. 2019ರಲ್ಲಿ ಹರಿಯಾಣದ ಫತೇಹಾಬಾದಿನಲ್ಲಿ ಬಿಟಿ ಬದನೆ ಕದ್ದುಮುಚ್ಚಿ ಬೆಳೆದದ್ದು ಸಿಕ್ಕಿಬಿತ್ತು.

ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿ ರೂಪಿಸಿ, ರಾಜ್ಯಗಳನ್ನೂ ರೈತರನ್ನೂ ಕೇಳಿ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. ಕುಲಾಂತರಿ ಸಾಸಿವೆಯ ಪ್ರಕರಣದಲ್ಲಿ ಉಳಿದ ವಿಷಯಕ್ಕೆ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸಂಜಯ್ ಕರೋಲ್ ಈ ಒಂದು ಮಾತಿನಲ್ಲಿ ಒಮ್ಮತಕ್ಕೆ ಬಂದಿದ್ದರು. ಆ ನೀತಿ ಒಪ್ಪಿಗೆಯ ವಿಧಾನವನ್ನಷ್ಟೇ ತಿದ್ದಿ ನಿಂತರೆ ಸಾಲದು; ಸಹಿಯ ಮರುದಿನದಿಂದ ಹುಳುವಿನ ದೌರ್ಬಲ್ಯವನ್ನು ಕಾಯುವ ಸಂಬಳದ ಕಾವಲುಗಾರರನ್ನೂ ಅದು ನೇಮಿಸಬೇಕು.

ಹಣ ಎಲ್ಲಿಂದ ಎಂದು ಕೇಳುವವರಿಗೆ ಹತ್ತಿ ಬೀಜದ ದರಪಟ್ಟಿಯಲ್ಲೇ ಉತ್ತರವಿದೆ. ಬೋಲ್‌ಗಾರ್ಡ್-2ರ ಪ್ಯಾಕೆಟ್ ಮೇಲೆ ತಂತ್ರಜ್ಞಾನದ ಒಡೆಯರಿಗೆ ಸಲ್ಲುವ ಶುಲ್ಕವನ್ನು ಸರ್ಕಾರ 2016ರಲ್ಲಿ 49 ರೂಪಾಯಿಗೆ, 2018ರಲ್ಲಿ 39ಕ್ಕೆ, 2019ರಲ್ಲಿ 20ಕ್ಕೆ ಇಳಿಸಿ, 2020ರಲ್ಲಿ ತೆಗೆದೇ ಹಾಕಿತು. ವಂಶವಾಹಿಗೆ ಬೆಲೆ ಕಟ್ಟುವ ಅಧಿಕಾರವನ್ನು ಬಳಸಲು ಬಂದ ಸರ್ಕಾರಕ್ಕೆ ಹುಳುವಿನ ದೌರ್ಬಲ್ಯಕ್ಕೂ ಒಂದು ಬೆಲೆ ಕಟ್ಟಲು ಬಾರದೇ ಇರದು. ವರ್ಷಕ್ಕೆ ಮಾರಾಟವಾಗುವುದು ಕೋಟಿಗಟ್ಟಲೆ ಪ್ಯಾಕೆಟ್. ಒಂದೊಂದರ ಮೇಲೆ ಐದು ರೂಪಾಯಿ ತೆಗೆದಿಟ್ಟರೂ ಹತ್ತಿ ಬೆಳೆಯುವ ತಾಲ್ಲೂಕಿಗೊಬ್ಬ ಕೀಟ ವೀಕ್ಷಕನಿಗೆ ಸಂಬಳ ಕೊಡಬಹುದು, ಯಾವ ಊರಿನ ಹುಳು ಯಾವ ಬಿಟಿಗೆ ಎಷ್ಟು ಬಗ್ಗುತ್ತಿದೆ ಎಂಬ ಪಟ್ಟಿಯನ್ನು ಬಿತ್ತನೆಗೆ ಮುಂಚೆ ಪಂಚಾಯಿತಿಯ ಗೋಡೆಗೆ ಅಂಟಿಸಬಹುದು. ಮುಂದೆ ಬರುವ ಪ್ರತಿಯೊಂದು ಕೀಟನಿರೋಧಕ ಬೆಳೆಯ ಅನುಮತಿ ಪತ್ರದಲ್ಲಿ ಈ ವೀಕ್ಷಕರ ನೇಮಕ ಮೊದಲ ಷರತ್ತಾಗಬೇಕು. ನೇಮಕವಾಗದ ತಾಲ್ಲೂಕಿನಲ್ಲಿ ಬೀಜ ಮಾರಲು ಬಿಡಬಾರದು.